ಕಡ್ಡಿಯ ಮೇಲೆ ನಿಂತ ಸ್ವೆಟರು

ಮಾರ್ಗಶಿರ ಮಾಸ ಕಾಲಿಟ್ಟು, ಬೆಳಗಿನ ಹಾಲಿನವನ ಕಿವಿಗೆ ಮಫ್ಲರು ಏರಿತೆಂದರೆ, ಬೆಂಗಳೂರು ಮೈಸೂರುಗಳ ಮನೆಗಳಲ್ಲಿ ಅಟ್ಟದ ಮೇಲಿನ ಟ್ರಂಕುಗಳು ಕೆಳಗಿಳಿಯುತ್ತವೆ. ನುಸಿಗುಳಿಗೆಯ ವಾಸನೆಯನ್ನು ಹೊತ್ತು ಕಳೆದ ವರ್ಷದ ಉಣ್ಣೆಯ ಬಟ್ಟೆಗಳು ಬಿಸಿಲಿಗೆ ಬರುತ್ತವೆ. ಅವುಗಳ ತಳದಲ್ಲಿ, ಯಾರೂ ಹುಡುಕದಿದ್ದರೂ ತಾನಾಗಿಯೇ ಕೈಗೆ ಸಿಕ್ಕುವ ಒಂದು ಬಟ್ಟೆಯ ಚೀಲ ಇದ್ದೇ ಇರುತ್ತದೆ. ಅದರೊಳಗೆ ಸ್ವೆಟರಿನ ಹಿಂಭಾಗ ಪೂರ್ತಿಯಾಗಿದೆ. ಮುಂಭಾಗವೂ ಹೇಗೋ ಮುಗಿದಿದೆ. ಒಂದು ತೋಳು ಸಿದ್ಧವಾಗಿದೆ. ಇನ್ನೊಂದು ತೋಳಿನ ನಾಲ್ಕು ಅಂಗುಲ ಮಾತ್ರ ಕಡ್ಡಿಯ ಮೇಲೆಯೇ ನಿಂತಿದೆ.

“ಇದು ಯಾರದಮ್ಮ?”

“ನಿನ್ನದೇ ಕಣೋ. ಎರಡನೆಯ ಕ್ಲಾಸಿನಲ್ಲಿದ್ದಾಗ ಹಾಕಿದ್ದು.”

ಕೇಳಿದ ಹುಡುಗ ಈಗ ನಾಲ್ಕನೆಯ ತರಗತಿಯಲ್ಲಿದ್ದಾನೆ. ತಾಯಿ ಆ ತೋಳನ್ನು ಅವನ ತೋಳಿನ ಮೇಲಿಟ್ಟು ನೋಡುತ್ತಾಳೆ. ಅದು ಮೊಣಕೈಯಿಂದ ಸ್ವಲ್ಪವೇ ಕೆಳಗೆ ನಿಲ್ಲುತ್ತದೆ. ಚೀಲ ಮತ್ತೆ ಟ್ರಂಕಿನ ತಳಕ್ಕೆ ಹೋಗುತ್ತದೆ.

ಹೆಣಿಗೆಯ ಅಭ್ಯಾಸವಿರುವ ಮನೆಗಳಲ್ಲಿ ಇಂಥ ಚೀಲವಿಲ್ಲದ ಮನೆ ಅಪರೂಪ. ಇದನ್ನು ಗೃಹಿಣಿಯ ಸೋಮಾರಿತನವೆಂದು ಹಾಸ್ಯ ಮಾಡುವುದು ಸುಲಭ. ಆದರೆ ನಿಂತುಹೋದ ಸ್ವೆಟರನ್ನು ಕೈಯಲ್ಲಿ ಹಿಡಿದು ವಿಚಾರಿಸಿದರೆ, ಅದು ನಿಂತದ್ದಕ್ಕೆ ಬಹುಮಟ್ಟಿಗೆ ಸೋಮಾರಿತನವಲ್ಲ, ಲೆಕ್ಕವೇ ಕಾರಣವೆಂದು ಕಾಣುತ್ತದೆ.

ನಲವತ್ತು ಸಾವಿರ ಕುಣಿಕೆಗಳು

ಏಳು ವರ್ಷದ ಹುಡುಗನಿಗೆ ಸಡಿಲವೂ ಸೇರಿ ಎದೆಯ ಸುತ್ತಳತೆ 28 ಅಂಗುಲವಿರುವ ಒಂದು ಸ್ವೆಟರನ್ನು ತೆಗೆದುಕೊಳ್ಳೋಣ. ಸಣ್ಣ ಕಡ್ಡಿಯಲ್ಲಿ ಅಂಗುಲಕ್ಕೆ 7 ಕುಣಿಕೆ ಬಂದರೆ ಸುತ್ತಿಗೆ 196 ಕುಣಿಕೆ. ಅಂಗುಲಕ್ಕೆ 9 ಸಾಲಿನಂತೆ 16 ಅಂಗುಲ ಉದ್ದಕ್ಕೆ 144 ಸಾಲು. ಮೈಭಾಗಕ್ಕೇ ಸುಮಾರು 28 ಸಾವಿರ ಕುಣಿಕೆಗಳಾದವು. ತೋಳೊಂದಕ್ಕೆ ಸುಮಾರು 6 ಸಾವಿರ. ಎರಡಕ್ಕೆ 12 ಸಾವಿರ. ಒಟ್ಟು 40 ಸಾವಿರ. ಕೈ ಪಳಗಿದವರು ನಿಮಿಷಕ್ಕೆ 25 ಕುಣಿಕೆ ಹೆಣೆಯುತ್ತಾರೆಂದಿಟ್ಟುಕೊಂಡರೂ 1,600 ನಿಮಿಷ, ಎಂದರೆ ಸುಮಾರು 27 ಗಂಟೆಗಳ ಕೆಲಸ. ಇದರಲ್ಲಿ ಬಿಚ್ಚಿ ಮತ್ತೆ ಹೆಣೆದದ್ದು ಸೇರಿಲ್ಲ; ಭಾಗಗಳನ್ನು ಜೋಡಿಸಿ ಹೊಲಿಯುವುದು ಸೇರಿಲ್ಲ; ಕುತ್ತಿಗೆಯ ಪಟ್ಟಿ ಸೇರಿಲ್ಲ.

ಮನೆಯ ಕೆಲಸವೆಲ್ಲ ಮುಗಿದ ಮೇಲೆ ಗೃಹಿಣಿಗೆ ದಿನಕ್ಕೆ ಅರ್ಧ ಗಂಟೆ ತನ್ನದೆಂದು ಸಿಕ್ಕರೆ ಅದೇ ಭಾಗ್ಯ. ಆ ಲೆಕ್ಕದಲ್ಲಿ 54 ದಿನ ಬೇಕು. ದೀಪಾವಳಿಯ ಎಣ್ಣೆನೀರು ಕಳೆದ ಮೇಲೆ, ಚಳಿ ಕಚ್ಚತೊಡಗಿದಾಗ ಉಣ್ಣೆ ತಂದವರ ಸ್ವೆಟರು ಸಂಕ್ರಾಂತಿಯ ಎಳ್ಳು ಬೀರುವ ಹೊತ್ತಿಗೆ ಮುಗಿದರೆ ಹೆಚ್ಚು. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೊರಟೇ ಹೋಗುತ್ತದೆ. ಮುಂದಿನ ಚಳಿಗಾಲ ಬರುವವರೆಗೆ ಮಗು ಸುಮ್ಮನಿರುವುದಿಲ್ಲ. ಐದರಿಂದ ಹತ್ತು ವಯಸ್ಸಿನ ಮಕ್ಕಳು ವರ್ಷಕ್ಕೆ ಎರಡು ಅಂಗುಲಕ್ಕಿಂತ ಸ್ವಲ್ಪ ಹೆಚ್ಚೇ ಎತ್ತರವಾಗುತ್ತಾರೆ.

ಆದುದರಿಂದ ಚಳಿಗಾಲದ ಹೆಣಿಗೆಗೆ ಚಳಿ ಬಂದಾಗ ಕುಣಿಕೆ ಹಾಕುವುದು ತಡವಾದ ಮುಹೂರ್ತ. ಆಷಾಢವೇ ಅದಕ್ಕೆ ಸರಿಯಾದ ಮಾಸ. ಮದುವೆ ಮುಂಜಿಗಳ ಓಡಾಟವಿಲ್ಲ, ನೆಂಟರ ಬರವು ಕಡಿಮೆ, ಹೊರಗೆ ಜಡಿಮಳೆ. ಶ್ರಾವಣ ಬಂದು ವರಮಹಾಲಕ್ಷ್ಮಿ, ಗೌರಿ, ಗಣೇಶ, ನವರಾತ್ರಿಗಳು ಒಂದರ ಹಿಂದೊಂದು ನಿಲ್ಲುವ ಮೊದಲು ಮೈಭಾಗವಾದರೂ ಮುಗಿದಿದ್ದರೆ, ತೋಳುಗಳು ಹಬ್ಬಗಳ ನಡುನಡುವೆ ಆಗುತ್ತವೆ.

ಅರ್ಧ ಕುಣಿಕೆಯ ಮೋಸ

ಮುಗಿಯದ ಸ್ವೆಟರಿಗಿಂತ ಹೆಚ್ಚು ಮನಸ್ಸು ನೋಯಿಸುವುದು ಮುಗಿದರೂ ಮೈಗೆ ಸರಿಹೊಂದದ ಸ್ವೆಟರು. ಇದರ ಮೂಲ ಬಹುತೇಕ ಒಂದೇ. ಪುಸ್ತಕದಲ್ಲಿ ಕೊಟ್ಟ ಕುಣಿಕೆಗಳ ಸಂಖ್ಯೆಯನ್ನು ನಂಬಿ, ತಮ್ಮ ಕೈಯ ಬಿಗಿಯನ್ನು ಅಳೆಯದೆ ಹೆಣೆಯುವುದು. ಮೇಲೆ ಹೇಳಿದ 196 ಕುಣಿಕೆಗಳನ್ನೇ ನೋಡಬಹುದು. ಅಂಗುಲಕ್ಕೆ 7ರ ಬದಲು ಆರೂವರೆ ಬಂದರೆ ಸುತ್ತಳತೆ 28 ಹೋಗಿ 30 ಅಂಗುಲ ದಾಟುತ್ತದೆ. 6 ಬಂದರೆ 32 ಅಂಗುಲವನ್ನೂ ಮೀರಿ, ಮಗನಿಗೆ ಜೋಲಾಗಿ ಅಪ್ಪನಿಗೆ ಬಿಗಿಯಾಗಿ ಯಾರಿಗೂ ಆಗದೆ ಉಳಿಯುತ್ತದೆ. ಒಂದು ಅಂಗುಲದಲ್ಲಿ ಕಣ್ಣಿಗೂ ಬೀಳದ ಅರ್ಧ ಕುಣಿಕೆಯ ವ್ಯತ್ಯಾಸ ಇಷ್ಟು ದೂರ ಒಯ್ಯುತ್ತದೆ.

ಮೊದಲು ಒಂದು ಚೌಕವನ್ನು ಹೆಣೆದು ನೋಡಬೇಕೆಂಬ ಮಾತು ಎಲ್ಲ ಪುಸ್ತಕಗಳಲ್ಲಿಯೂ ಇದೆ. ಎಲ್ಲರೂ ಅದನ್ನು ಓದುತ್ತಾರೆ, ಅಷ್ಟೇ ಜನ ಅದನ್ನು ಬಿಟ್ಟು ಮುಂದಿನ ಸಾಲಿಗೆ ಹೋಗುತ್ತಾರೆ. ಚೌಕವನ್ನು ಐದು ಆರು ಅಂಗುಲ ಅಗಲವಾಗಿ ಹೆಣೆದು, ಸ್ವೆಟರನ್ನು ಹೇಗೆ ಒಗೆಯುವುದೋ ಹಾಗೆಯೇ ಒಗೆದು, ಒಣಗಿಸಿ, ಅಂಚುಗಳನ್ನು ಬಿಟ್ಟು ನಡುವಿನ ನಾಲ್ಕು ಅಂಗುಲದಲ್ಲಿ ಎಷ್ಟು ಕುಣಿಕೆಗಳಿವೆಯೆಂದು ಎಣಿಸಬೇಕು. ಒಗೆಯದ ಚೌಕ ಹೇಳುವ ಲೆಕ್ಕ ನಂಬತಕ್ಕದ್ದಲ್ಲ. ನೀರು ಕಂಡೊಡನೆ ಕೆಲವು ದಾರಗಳು ಸಡಿಲಗೊಳ್ಳುತ್ತವೆ, ಕೆಲವು ಕೂಡಿಕೊಳ್ಳುತ್ತವೆ. ಹೆಚ್ಚು ಕುಣಿಕೆ ಬಂದರೆ ದಪ್ಪ ಕಡ್ಡಿ, ಕಡಿಮೆ ಬಂದರೆ ಸಣ್ಣ ಕಡ್ಡಿ. ಇಷ್ಟೇ ಪರಿಹಾರ.

ಕೈಯ ಬಿಗಿ ಮನುಷ್ಯರಂತೆಯೇ ಬೇರೆ ಬೇರೆ. ಸೊಸೆ ಹಿಂಭಾಗವನ್ನು ಹೆಣೆದು, “ಅತ್ತೆ, ಮುಂಭಾಗ ನೀವು ಹಾಕಿಬಿಡಿ, ಬೇಗ ಆಗುತ್ತದೆ” ಎಂದು ಕೊಟ್ಟ ಮನೆಗಳಲ್ಲಿ ಎರಡು ಭಾಗಗಳನ್ನು ಜೋಡಿಸುವ ದಿನ ಒಂದು ಇನ್ನೊಂದಕ್ಕಿಂತ ಎರಡು ಅಂಗುಲ ಅಗಲವಾಗಿ ಕುಳಿತಿರುತ್ತದೆ. ಯಾರ ಕೈ ಸರಿ, ಯಾರ ಕೈ ತಪ್ಪು ಎಂಬ ಪ್ರಶ್ನೆ ಅಲ್ಲಿ ಹುಟ್ಟದಿರುವುದೇ ಲೇಸು. ಎರಡು ಕೈಗಳೂ ಸರಿಯೇ. ಒಂದು ಉಡುಪಿಗೆ ಎರಡು ಕೈಗಳು ಸರಿಯಲ್ಲ. ಅತ್ತೆಯವರಿಗೆ ಎರಡು ತೋಳುಗಳನ್ನೂ ಒಪ್ಪಿಸಿ, ಅವರ ಬಿಗಿಯ ಲೆಕ್ಕದಲ್ಲಿಯೇ ತೋಳಿನ ಕುಣಿಕೆಗಳನ್ನು ಹಾಕಿಸಿದರೆ ಸ್ನೇಹವೂ ಉಳಿಯುತ್ತದೆ, ಸ್ವೆಟರೂ ಉಳಿಯುತ್ತದೆ.

ಇತ್ತೀಚೆಗೆ ಇನ್ನೊಂದು ತೊಡಕು ಸೇರಿಕೊಂಡಿದೆ. ನಮ್ಮಲ್ಲಿ ಹಳೆಯ ಕಾಲದಿಂದ ನಡೆದುಬಂದದ್ದು ಇಂಗ್ಲಿಷರ ಕಡ್ಡಿಯ ಸಂಖ್ಯೆ. ಅದರಲ್ಲಿ ಸಂಖ್ಯೆ ಏರಿದಂತೆ ಕಡ್ಡಿ ಸಣ್ಣದಾಗುತ್ತದೆ: 8ನೆಯ ಸಂಖ್ಯೆಯ ಕಡ್ಡಿ 4 ಮಿಲಿಮೀಟರ್, 10ನೆಯದು ಮೂರೂಕಾಲು, 12ನೆಯದು ಎರಡೂಮುಕ್ಕಾಲು. ಅಮೆರಿಕದ ಸಂಖ್ಯೆ ಇದಕ್ಕೆ ತಲೆಕೆಳಗು. ಅಲ್ಲಿ ಸಂಖ್ಯೆ ಏರಿದಂತೆ ಕಡ್ಡಿ ದಪ್ಪ, 8ನೆಯದು 5 ಮಿಲಿಮೀಟರ್. ಅಮೆರಿಕದಲ್ಲಿರುವ ಮಗಳು ಕಳುಹಿಸಿದ ಅಂದವಾದ ಮಾದರಿಯನ್ನು ಅಜ್ಜಿಯ ಡಬ್ಬಿಯ 8ನೆಯ ಕಡ್ಡಿಯಿಂದ ಹೆಣೆದರೆ ಮೊಮ್ಮಗಳಿಗೆ ಆಗಬೇಕಾದುದು ಗೊಂಬೆಗೆ ಆಗುವ ಭಯವಿದೆ. ಸಂಖ್ಯೆಯನ್ನು ಮರೆತು ಮಿಲಿಮೀಟರನ್ನು ಮಾತ್ರ ನೋಡುವುದು ಕ್ಷೇಮ.

ಬೆಳೆಯುವ ಮೈಗೆ ಬೆಳೆಯುವ ತೋಳು

ಇಂಗ್ಲೆಂಡಿನಲ್ಲಿ 1910ರಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲಸಿದ ಎಲಿಜಬೆತ್ ಜಿಮ್ಮರ್‌ಮನ್ ಎಂಬ ಮಹಿಳೆ ಹೆಣಿಗೆಯ ಅಳತೆಗೆ ಒಂದು ಸರಳ ಸೂತ್ರವನ್ನು ಕೊಟ್ಟು ಹೆಸರಾದರು. “ಕಣ್ಣೀರಿಲ್ಲದ ಹೆಣಿಗೆ” ಎಂಬ ಅರ್ಥದ ಅವರ ಪುಸ್ತಕ 1971ರಲ್ಲಿ ಹೊರಬಂದಿತು. ಆ ಸೂತ್ರದ ಸಾರ ಇಷ್ಟು: ಎದೆಯ ಸುತ್ತಿಗೆ ಬೇಕಾದ ಕುಣಿಕೆಗಳನ್ನು ನೂರು ಎಂದಿಟ್ಟುಕೊಂಡರೆ, ಮಣಿಕಟ್ಟಿನ ಬಳಿ ತೋಳಿಗೆ ಅದರ ಐದನೆಯ ಒಂದು ಪಾಲು, ತೋಳಿನ ಮೇಲ್ಭಾಗಕ್ಕೆ ಸುಮಾರು ಮೂರನೆಯ ಒಂದು ಪಾಲು, ಕಂಕುಳಿಗೆ ನೂರಕ್ಕೆ ಎಂಟು. ನಮ್ಮ 196 ಕುಣಿಕೆಗಳ ಸ್ವೆಟರಿಗೆ ಮಣಿಕಟ್ಟಿನಲ್ಲಿ 40, ಮೇಲ್ದೋಳಿಗೆ 66, ಕಂಕುಳಿಗೆ 16. ಪುಸ್ತಕದ ಮಾದರಿ ಕಳೆದುಹೋದರೂ, ಓದಲು ಬಾರದ ಅಜ್ಜಿ ಹೆಣೆಯುತ್ತಿದ್ದರೂ, ಈ ಲೆಕ್ಕ ಬಾಯಲ್ಲಿ ಉಳಿಯುತ್ತದೆ.

ಬೆಳೆಯುವ ಮಕ್ಕಳ ತೋಳಿನ ಸಮಸ್ಯೆಗೆ ಹೆಣಿಗೆಯ ಸ್ವಭಾವದಲ್ಲಿಯೇ ಉತ್ತರವಿದೆ. ಹೆಣೆದ ಬಟ್ಟೆ ಮುಗಿದ ತುದಿಯಿಂದ ಸರಸರನೆ ಬಿಚ್ಚಿಕೊಳ್ಳುತ್ತದೆ. ಆರಂಭಿಸಿದ ತುದಿಯಿಂದ ಹಾಗೆ ಸುಲಭವಾಗಿ ಬಿಚ್ಚಿಕೊಳ್ಳುವುದಿಲ್ಲ. ವಾಡಿಕೆಯಂತೆ ತೋಳನ್ನು ಮಣಿಕಟ್ಟಿನಿಂದ ಆರಂಭಿಸಿದರೆ ಉದ್ದ ಮಾಡಬೇಕಾದ ತುದಿಯೇ ಬಿಚ್ಚಲಾರದ ತುದಿಯಾಗುತ್ತದೆ. ಅದರ ಬದಲು ಹೆಗಲನ್ನು ಮೊದಲು ಜೋಡಿಸಿ, ತೋಳಿನ ಬಾಯಿಯ ಸುತ್ತ ಕುಣಿಕೆಗಳನ್ನೆತ್ತಿಕೊಂಡು, ಮೇಲಿನಿಂದ ಕೆಳಕ್ಕೆ ಹೆಣೆದು ಮಣಿಕಟ್ಟಿನಲ್ಲಿ ಮುಗಿಸಿದರೆ, ಮುಂದಿನ ವರ್ಷ ಅಂಚನ್ನಷ್ಟೇ ಬಿಚ್ಚಿ ಎರಡು ಅಂಗುಲ ಸೇರಿಸಿ ಮತ್ತೆ ಅಂಚು ಹಾಕಬಹುದು. ಇದಕ್ಕಾಗಿ ಒಂದು ಉಂಡೆ ಉಣ್ಣೆಯನ್ನು ಎತ್ತಿಡಬೇಕು. ಆ ಉಂಡೆಯನ್ನು ಟ್ರಂಕಿನಲ್ಲಿ ಹೊಸದಾಗಿಯೇ ಇಡದೆ, ಸ್ವೆಟರಿನೊಡನೆ ಒಂದೆರಡು ಬಾರಿ ಒಗೆಸಿ ಒಣಗಿಸಿದರೆ ಬಣ್ಣವೂ ಸರಿಹೋಗುತ್ತದೆ.

ಎರಡನೆಯ ತೋಳಿನ ಬೇಸರ ಬೇರೆಯೇ ಒಂದು ವ್ಯಾಧಿ. ಮೊದಲನೆಯ ತೋಳಿನಲ್ಲಿ ಕುತೂಹಲವಿರುತ್ತದೆ. ಎರಡನೆಯದು ಅದೇ ದಾರಿಯಲ್ಲಿ ಮತ್ತೆ ನಡೆದಂತೆ. ಕಾಲುಚೀಲ ಹೆಣೆಯುವವರಿಗೂ ಇದು ಗೊತ್ತು. ಒಂದೇ ಕಾಲಿನ ಚೀಲಗಳು ಬಹಳ ಮನೆಗಳಲ್ಲಿ ಜೊತೆ ಕಾಣದೆ ಉಳಿದಿವೆ. ಬಿಡಿಬಿಡಿಯಾಗಿ ಹೆಣೆಯುವ ತೋಳುಗಳಾದರೆ, ಎರಡು ಉಂಡೆಗಳನ್ನಿಟ್ಟುಕೊಂಡು ಎರಡನ್ನೂ ಒಂದೇ ಜೊತೆ ಕಡ್ಡಿಯ ಮೇಲೆ ಅಕ್ಕಪಕ್ಕ ಹೆಣೆಯಬಹುದು. ನಿಧಾನವೆನಿಸಿದರೂ ಎರಡೂ ಒಟ್ಟಿಗೆ ಮುಗಿಯುತ್ತವೆ, ಒಂದು ಉದ್ದ ಒಂದು ಗಿಡ್ಡ ಆಗುವ ಸಂಭವವೂ ತಪ್ಪುತ್ತದೆ.

ಬಿಚ್ಚುವುದೋ, ಬಿಡುವುದೋ

ರಾತ್ರಿ ಹತ್ತು ಗಂಟೆಗೆ, ಮನೆಯವರೆಲ್ಲ ಮಲಗಿದ ಮೇಲೆ, ಇಪ್ಪತ್ತು ಸಾಲು ಕೆಳಗೆ ಸೀದಾ ಹೆಣೆಯಬೇಕಾದಲ್ಲಿ ಉಲ್ಟಾ ಹೆಣೆದಿರುವುದು ಕಣ್ಣಿಗೆ ಬೀಳುತ್ತದೆ. ಹೆಣೆಯುವವರ ಜೀವನದಲ್ಲಿ ಇದಕ್ಕಿಂತ ಕಹಿಯಾದ ಗಳಿಗೆ ಕಡಿಮೆ. ಇಂಥ ವೇಳೆಯಲ್ಲಿ ತಟಕ್ಕನೆ ಕಡ್ಡಿ ಎಳೆಯುವುದು ಅನೇಕರ ರೂಢಿ. ಮರುದಿನ ಪಶ್ಚಾತ್ತಾಪ ಪಡುವುದೂ ರೂಢಿ.

ಒಂದು ಕುಣಿಕೆ ಮಾತ್ರ ತಪ್ಪಿದ್ದರೆ ಇಡೀ ಸಾಲುಗಳನ್ನು ಬಿಚ್ಚಬೇಕಾಗಿಲ್ಲ. ಆ ಕುಣಿಕೆಯ ನೇರಕ್ಕೆ ಮೇಲಿನಿಂದ ಒಂದೇ ಕಂಬವನ್ನು ತಪ್ಪಿನವರೆಗೆ ಬೀಳಬಿಟ್ಟು, ಕ್ರೋಷಾ ಕಡ್ಡಿಯಿಂದ ಒಂದೊಂದೇ ಎಳೆಯನ್ನು ಏಣಿಯ ಮೆಟ್ಟಿಲಿನಂತೆ ಏರಿಸಿಕೊಂಡು ಬರಬಹುದು. ಜಾಲರಿಯಂಥ ಕಷ್ಟದ ನಮೂನೆಗಳಲ್ಲಿ ಇದು ನಡೆಯದು. ಅಲ್ಲಿ ಮುಂಜಾಗ್ರತೆಯೇ ಮದ್ದು. ನಮೂನೆ ಸರಿಯಾಗಿ ಬಂದಿದೆಯೆಂದು ಖಚಿತವಾದ ಸಾಲಿನಲ್ಲಿ, ಕಡ್ಡಿಯ ಮೇಲಿನ ಕುಣಿಕೆಗಳೆಲ್ಲದರ ಮೂಲಕ ಬೇರೆ ಬಣ್ಣದ ಹತ್ತಿಯ ದಾರವೊಂದನ್ನು ದಬ್ಬಳದಿಂದ ಪೋಣಿಸಿಟ್ಟರೆ, ಮುಂದೆ ಎಷ್ಟು ಬಿಚ್ಚಿದರೂ ಹೆಣಿಗೆ ಆ ದಾರದ ಬಳಿ ನಿಲ್ಲುತ್ತದೆ. ಹತ್ತು ಹನ್ನೆರಡು ಸಾಲಿಗೊಮ್ಮೆ ಹೀಗೆ ಮಾಡುವುದರಲ್ಲಿ ಐದು ನಿಮಿಷ ಹೋಗುತ್ತದೆ. ಉಳಿಯುವುದು ಐದು ರಾತ್ರಿಗಳು.

ಬಿಚ್ಚಬೇಕೇ ಬೇಡವೇ ಎಂಬ ತೀರ್ಮಾನಕ್ಕೆ ಒಂದು ಹಳೆಯ ಒರೆಗಲ್ಲು ಇದೆ. ಹೆಣಿಗೆಯನ್ನು ತೋಳಿನಷ್ಟು ದೂರ ಹಿಡಿದು ನೋಡಿದಾಗ ತಪ್ಪು ಕಾಣದಿದ್ದರೆ ಅದನ್ನು ಬಿಡಬಹುದು. ಅಳತೆಯ ತಪ್ಪಾದರೆ ಮಾತ್ರ ದಾಕ್ಷಿಣ್ಯ ಸಲ್ಲದು. ಇಂದು ಬಿಚ್ಚದಿದ್ದರೆ ಅದು ಜೋಡಿಸುವ ದಿನ ಮತ್ತೆ ಎದುರಾಗುತ್ತದೆ. ಸಾಲಿನ ನಡುವೆ ನಿಲ್ಲಿಸದಿರುವುದು, ಎಷ್ಟನೆಯ ಸಾಲೆಂದು ಒಂದು ಚೀಟಿಯಲ್ಲಿ ಗೀಟು ಹಾಕಿಡುವುದು, ಕಪ್ಪು ಮತ್ತು ಕಡುನೀಲಿ ಉಣ್ಣೆಯನ್ನು ರಾತ್ರಿಯ ದೀಪದಲ್ಲಿ ಮುಟ್ಟದಿರುವುದು, ಇವೆಲ್ಲ ಸಣ್ಣ ನಿಯಮಗಳು. ಸಣ್ಣ ನಿಯಮಗಳನ್ನು ಪಾಲಿಸಿದವರ ಚೀಲ ಬೇಗ ಖಾಲಿಯಾಗುತ್ತದೆ.

ಉಣ್ಣೆ ಸಾಲದಾದಾಗ ಆಗುವ ಪೇಚಾಟವೂ ಕಡಿಮೆಯದಲ್ಲ. ಕಾರ್ಖಾನೆಯವರು ಒಂದು ಬಾರಿಗೆ ಇಷ್ಟು ಎಂದು ಬಣ್ಣ ಹಾಕುತ್ತಾರೆ; ಆ ಬಾರಿಯ ಗುರುತಿನ ಸಂಖ್ಯೆ ಉಂಡೆಯ ಪಟ್ಟಿಯ ಮೇಲಿರುತ್ತದೆ. ಅದೇ ಹೆಸರಿನ ಅದೇ ನೀಲಿಯೇ ಆದರೂ ಇನ್ನೊಂದು ಬಾರಿಯದಾದರೆ ಅಂಗಡಿಯ ದೀಪದಲ್ಲಿ ಒಂದಾಗಿ ಕಂಡು, ಮನೆಯ ಅಂಗಳದಲ್ಲಿ ಎರಡಾಗಿ ಕಾಣುತ್ತದೆ. ಬೇಕಾದುದಕ್ಕಿಂತ ಒಂದು ಉಂಡೆ ಹೆಚ್ಚು ತರುವುದು ದುಂದಲ್ಲ. ಸಿಕ್ಕದೇ ಹೋದಾಗ ಹೊಸ ಉಂಡೆಯಿಂದ ಎರಡು ಸಾಲು, ಹಳೆಯದರಿಂದ ಎರಡು ಸಾಲು ಎಂದು ಬೆರೆಸುತ್ತ ಹೋದರೆ ಗೆರೆ ಕಾಣದು. ಅದೂ ಆಗದಿದ್ದರೆ ಅಂಚು ಮತ್ತು ಕುತ್ತಿಗೆಪಟ್ಟಿಗಳನ್ನು ಬೇರೆಯೇ ಬಣ್ಣದಲ್ಲಿ ಹೆಣೆದು, ಅದನ್ನೇ ಹೊಸ ನಮೂನೆಯೆಂದು ಹೇಳಿಬಿಡುವುದು ಜಾಣತನ.

ಯಾವ ಮೈಗೆ ಯಾವ ದಾರ

ಕನ್ನಡ ನಾಡಿಗೆ ಉಣ್ಣೆ ಹೊಸದಲ್ಲ. ಚಿತ್ರದುರ್ಗ, ಹಾವೇರಿ ಕಡೆಗಳ ದಖ್ಖನಿ ಕುರಿಗಳ ಉಣ್ಣೆಯನ್ನು ನೂತು, ಮಗ್ಗದಲ್ಲಿ ನೇಯ್ದು, ಹುಣಿಸೆಬೀಜದ ಗಂಜಿ ಹಾಕಿ ಕುರುಬರು ಮಾಡುವ ಕಂಬಳಿ ಮಳೆ ಚಳಿ ಎರಡನ್ನೂ ತಡೆಯುತ್ತದೆ. ಚಳ್ಳಕೆರೆ, ಮೆಡ್ಲೇರಿಗಳ ಕಂಬಳಿಗೆ ಹೆಸರೂ ಇದೆ. ಆದರೆ ಆ ಉಣ್ಣೆ ಒರಟು. ಕೂಸಿನ ಕೊರಳಿಗೆ ಒಗ್ಗದು. ಕಡ್ಡಿಯ ಹೆಣಿಗೆಗೆ ಬೇಕಾದುದು ಮೆರಿನೊ ಜಾತಿಯ ಕುರಿಯ ನವಿರಾದ ಉಣ್ಣೆ. ಅದು ಬಹುಮಟ್ಟಿಗೆ ಆಸ್ಟ್ರೇಲಿಯದಿಂದ ಬರುತ್ತದೆ. ಅದನ್ನು ದಾರವಾಗಿಸುವ ಕಾರ್ಖಾನೆಗಳಿಗೆ ಪಂಜಾಬಿನ ಲೂಧಿಯಾನ ಹೆಸರಾಗಿದೆ.

ಇಂದು ಅಂಗಡಿಯಲ್ಲಿ “ಉಲ್ಲನ್” ಎಂದು ಕೊಡುವ ದಾರದಲ್ಲಿ ಹೆಚ್ಚಿನ ಪಾಲು ಆಕ್ರಿಲಿಕ್. ಅದು ಅಗ್ಗ, ನುಸಿ ಹಿಡಿಯದು, ಒಗೆದರೆ ಕುಗ್ಗದು; ಶಾಲೆಗೆ ಹೋಗುವ ಮಕ್ಕಳ ಧೂಳು ಮಣ್ಣಿನ ಬಾಳಿಗೆ ಅದು ಒಳ್ಳೆಯದೇ. ಆದರೆ ಒಂದು ಎಚ್ಚರ ಬೇಕು. ನಿಜವಾದ ಉಣ್ಣೆಗೆ ಬೆಂಕಿ ಸುಲಭವಾಗಿ ಹತ್ತುವುದಿಲ್ಲ. ಆಕ್ರಿಲಿಕ್ ಕರಗಿ ಉರಿಯುತ್ತದೆ. ಅಗ್ಗಿಷ್ಟಿಕೆ, ಸಾಂಬ್ರಾಣಿ ಹೊಗೆ ಇರುವ ಬಾಣಂತಿ ಕೋಣೆಗೂ ಒಲೆಯ ಮುಂದೆ ನಿಲ್ಲುವವರ ಶಾಲಿಗೂ ಅದು ತಕ್ಕುದಲ್ಲ. ಕೂಸಿನ ಕುಲಾವಿಗೆ ಕೊರಳ ಸುತ್ತ ಉದ್ದನೆಯ ದಾರವನ್ನು ಇಳಿಬಿಡಬಾರದು. ಕೈಚೀಲ ಕಾಲುಚೀಲಗಳ ಒಳಗೆ ಸಡಿಲ ಎಳೆಗಳಿದ್ದರೆ ಎಳೆಯ ಬೆರಳು ಸಿಕ್ಕಿಕೊಳ್ಳುತ್ತದೆ. ಗುಂಡಿಗಳನ್ನು ಎರಡು ಬಾರಿ ಹೊಲಿದು ಎಳೆದು ನೋಡಬೇಕು.

ಒಗೆಯುವ ಕಲ್ಲಿನ ಮೇಲೆ

ಎರಡು ತಿಂಗಳ ಶ್ರಮ ಎರಡು ನಿಮಿಷದಲ್ಲಿ ಹಾಳಾಗುವುದು ಬಚ್ಚಲಿನಲ್ಲಿ. ಉಣ್ಣೆಯ ಎಳೆಯ ಮೇಲೆ ಮೀನಿನ ಪೊರೆಯಂಥ ಸೂಕ್ಷ್ಮ ಪದರಗಳಿವೆ. ಬಿಸಿನೀರು, ಸಾಬೂನು, ಉಜ್ಜಾಟ ಮೂರೂ ಕೂಡಿದಾಗ ಆ ಪದರಗಳು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಗಟ್ಟಿಯಾಗಿ ಕುಗ್ಗುತ್ತದೆ, ಮತ್ತೆ ಹಿಗ್ಗುವುದಿಲ್ಲ. ಕೆಲಸದವಳಿಗೆ ಇದನ್ನು ಯಾರೂ ಹೇಳಿರುವುದಿಲ್ಲ. ಅವಳು ನಿತ್ಯದ ಬಟ್ಟೆಗಳೊಡನೆ ಅದನ್ನೂ ಕಲ್ಲಿಗೆ ಬಡಿದು ಒಣಹಾಕಿದರೆ ತಪ್ಪು ಅವಳದಲ್ಲ. ಯಂತ್ರಕ್ಕೆ ಹಾಕಿದರೂ ಫಲ ಅದೇ.

ನಮ್ಮ ಅಂಟುವಾಳಕಾಯಿ ಇದಕ್ಕೆ ಹೇಳಿಮಾಡಿಸಿದ ವಸ್ತು. ಬಾರುಸಾಬೂನು ಮತ್ತು ಸೋಡಾಗಳಲ್ಲಿರುವ ಕ್ಷಾರ ಉಣ್ಣೆಗೆ ಹಗೆ. ಅಂಟುವಾಳದ ನೊರೆಯಲ್ಲಿ ಆ ತೀಕ್ಷ್ಣತೆಯಿಲ್ಲ. ಕಾಯಿಯನ್ನು ನೆನೆಸಿ ಕಿವುಚಿ ಸೋಸಿದ ತಣ್ಣೀರಿನಲ್ಲಿ ಸ್ವೆಟರನ್ನು ಹತ್ತು ನಿಮಿಷ ಅದ್ದಿ, ಅಂಗೈಯಿಂದ ಮೆಲ್ಲಗೆ ಒತ್ತಿ, ಎರಡು ನೀರಿನಲ್ಲಿ ಜಾಲಿಸಬೇಕು. ಹಿಂಡದೆ, ಒಣ ಟವೆಲಿನಲ್ಲಿ ಸುರುಳಿ ಸುತ್ತಿ ನೀರು ತೆಗೆಯಬೇಕು. ತಂತಿಯ ಮೇಲೆ ತೂಗುಹಾಕಿದರೆ ತನ್ನ ಭಾರಕ್ಕೆ ತಾನೇ ಜೋತು ಉದ್ದವಾಗುತ್ತದೆ. ಚಾಪೆಯ ಮೇಲೆ ನೆರಳಿನಲ್ಲಿ ಅಂದವಾಗಿ ಹರಡಿ ಒಣಗಿಸುವುದು ಸರಿ. ಎತ್ತಿಡುವ ಮೊದಲು ಒಗೆಯಲೇಬೇಕು. ಉಣ್ಣೆಯನ್ನು ತಿನ್ನುವುದು ಹಾರುವ ಪತಂಗವಲ್ಲ, ಅದರ ಮರಿಹುಳು. ಬೆವರು, ಎಣ್ಣೆಜಿಡ್ಡು ತಾಗಿದ ಕಡೆಗೇ ಅದು ಮೊದಲು ಬಾಯಿ ಹಾಕುತ್ತದೆ.

ಹೆಸರಿನ ಹಿಂದೆ ಗಂಡಸರು

ಹೆಣಿಗೆ ಹೆಂಗಸರ ಕೆಲಸವೆಂಬುದು ಈಚಿನ ಮಾತು. ಯೂರೋಪಿನಲ್ಲಿ ಒಂದು ಕಾಲಕ್ಕೆ ಗಂಡಸರ ಸಂಘಗಳೇ ಈ ಕಸಬನ್ನು ನಡೆಸುತ್ತಿದ್ದವು. 1589ರಲ್ಲಿ ಕಾಲುಚೀಲ ಹೆಣೆಯುವ ಚೌಕಟ್ಟನ್ನು ಕಂಡುಹಿಡಿದ ವಿಲಿಯಂ ಲೀಯೂ ಗಂಡಸೇ. ಮುಂದೆ ಗುಂಡಿಯಿರುವ ಸ್ವೆಟರಿಗೆ ಕಾರ್ಡಿಗನ್ ಎಂಬ ಹೆಸರು ಬಂದದ್ದು 1854ರ ಕ್ರಿಮಿಯ ಯುದ್ಧದಲ್ಲಿ ಅಶ್ವದಳವನ್ನು ನಡೆಸಿದ ಪ್ರಭುವಿನಿಂದ. ಅದೇ ಯುದ್ಧದ ದಂಡನಾಯಕ ರ್‍ಯಾಗ್ಲನ್. 1815ರಲ್ಲಿ ವಾಟರ್ಲೂ ಕಾಳಗದಲ್ಲಿ ಬಲಗೈ ಕಳೆದುಕೊಂಡಿದ್ದ ಆತನ ಅನುಕೂಲಕ್ಕೆ ಕುತ್ತಿಗೆಯಿಂದಲೇ ಇಳಿಯುವ ತೋಳು ಹುಟ್ಟಿತೆಂದು ಪ್ರತೀತಿ. ಕಾಲುಚೀಲದ ತುದಿಯನ್ನು ಗಂಟಿಲ್ಲದೆ ಬೆಸೆಯುವ ವಿಧಾನಕ್ಕೆ, 1902ರಿಂದ 1909ರವರೆಗೆ ಭಾರತದ ಸೈನ್ಯಾಧಿಪತಿಯಾಗಿದ್ದ ಕಿಚನರನ ಹೆಸರಿದೆ. ದಕ್ಷಿಣ ಅಮೆರಿಕದ ಟಿಟಿಕಾಕ ಸರೋವರದ ಟಕೀಲೆ ದ್ವೀಪದಲ್ಲಿ ಗಂಡುಹುಡುಗರು ಇಂದಿಗೂ ಚಿಕ್ಕಂದಿನಲ್ಲೇ ಟೊಪ್ಪಿಗೆ ಹೆಣೆಯುವುದನ್ನು ಕಲಿಯುತ್ತಾರೆ. ರಜೆಯಲ್ಲಿ ಅಜ್ಜಿಯ ಪಕ್ಕ ಕುಳಿತು ಕಡ್ಡಿ ಕೇಳುವ ಮೊಮ್ಮಗನನ್ನು ನಗೆಯಾಡಿ ಓಡಿಸಲು ಕಾರಣವಿಲ್ಲ.

ಯಾರಿಗಾಗಿ ಹೆಣೆದದ್ದು

ಹೆಣೆಯುವವರಿಗೆ ತಗಲುವ ನೋವುಗಳಲ್ಲಿ ಕಡ್ಡಿಗೆ ಸಂಬಂಧಿಸದುದು ಒಂದಿದೆ. ಮಗ ಓದಲು ಪರದೇಶಕ್ಕೆ ಹೊರಟಿದ್ದಾನೆ. ಅಲ್ಲಿಯ ಹಿಮದ ಮಾತು ಕೇಳಿ ತಾಯಿ ದಪ್ಪ ಉಣ್ಣೆಯಲ್ಲಿ ಹಗಲಿರುಳು ಹೆಣೆದು ಸ್ವೆಟರನ್ನು ಪೆಟ್ಟಿಗೆಯ ಮೇಲ್ಭಾಗದಲ್ಲಿಯೇ ಇಡುತ್ತಾಳೆ. ಮೂರು ತಿಂಗಳಾದ ಮೇಲೆ ಫೋನಿನಲ್ಲಿ ಕೇಳುತ್ತಾಳೆ.

“ಸ್ವೆಟರು ಹಾಕಿಕೊಂಡೆಯೇನೋ?”

“ಇಲ್ಲಿ ಮನೆಯೊಳಗೆಲ್ಲ ಬೆಚ್ಚಗೇ ಇರುತ್ತದಮ್ಮ. ಹೊರಗೆ ಹೋಗಬೇಕಾದರೆ ದೊಡ್ಡ ಕೋಟೇ ಬೇಕು. ಅದು ಹಾಗೇ ಇಟ್ಟಿದ್ದೇನೆ.”

ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ, ಕಠಿಣವಾದುದೂ ಏನಿಲ್ಲ. ಆದರೂ ಆ ದಿನ ತಾಯಿಯ ಕೈ ಕಡ್ಡಿಯನ್ನು ಮುಟ್ಟುವುದಿಲ್ಲ. ಪಕ್ಕದಲ್ಲಿದ್ದ ಯಜಮಾನರು ಸಮಾಧಾನಕ್ಕೆಂದು, “ಅಂಗಡಿಯಲ್ಲಿ ಇದಕ್ಕಿಂತ ಕಡಿಮೆಗೆ ಸಿಕ್ಕುತ್ತಿತ್ತು, ಸುಮ್ಮನೆ ಕಣ್ಣು ಕೆಡಿಸಿಕೊಂಡೆ” ಎನ್ನುತ್ತಾರೆ. ಸಮಾಧಾನಕ್ಕೆ ಆಡಿದ ಮಾತುಗಳಲ್ಲಿ ಇಷ್ಟು ಅನರ್ಥಕಾರಿಯಾದುದು ಇನ್ನೊಂದಿರಲಾರದು.

ಬೆಲೆಯ ಮಾತಿನಲ್ಲಿ ಯಜಮಾನರೇ ಗೆಲ್ಲುತ್ತಾರೆ. ಯಂತ್ರ ಹೆಣೆದ ಸ್ವೆಟರಿನ ಮುಂದೆ 27 ಗಂಟೆಗಳ ಕೈಕೆಲಸಕ್ಕೆ ಕೂಲಿ ಕಟ್ಟಿದರೆ ಯಾವ ಮನೆಯೂ ತಾಳದು. ಆದರೆ ಯಾರೂ ಉಳಿತಾಯಕ್ಕಾಗಿ ಹೆಣೆಯುವುದಿಲ್ಲ. ದೂರ ಹೋದವನಿಗಾಗಿ ದಿನವೂ ಏನಾದರೂ ಮಾಡಬೇಕೆನ್ನುವ ಮನಸ್ಸಿಗೆ ಕೈಯಲ್ಲಿ ಒಂದು ಕೆಲಸ ಬೇಕು, ಅದಕ್ಕಾಗಿ ಹೆಣೆಯುತ್ತಾರೆ. ಹಾಗಿದ್ದೂ, ತೊಡುವವರನ್ನು ಮೊದಲೇ ಕೇಳುವುದರಲ್ಲಿ ಪ್ರೀತಿಗೆ ಕುಂದಿಲ್ಲ. ದಪ್ಪ ಸ್ವೆಟರು ಬೇಡವೆಂದವನು ಕೋಟಿನೊಳಗೆ ಹಿಡಿಸುವ ತೆಳ್ಳನೆಯ ತೋಳಿಲ್ಲದ ಸ್ವೆಟರನ್ನೋ ಕಿವಿ ಮುಚ್ಚುವ ಟೊಪ್ಪಿಗೆಯನ್ನೋ ನಿತ್ಯ ತೊಡಬಹುದು. ಬಣ್ಣ ಅವನದಾಗಿರಲಿ, ಕೈ ತಾಯಿಯದಾಗಿರಲಿ. ತೊಡುವವರ ಕಡೆಯಿಂದಲೂ ಒಂದು ಕರ್ತವ್ಯವಿದೆ. ಮೈಗೆ ಒಪ್ಪಿದರೂ ಒಪ್ಪದಿದ್ದರೂ ಒಂದು ಬಾರಿ ತೊಟ್ಟು ಎದುರು ನಿಲ್ಲುವುದಕ್ಕೆ, ದೂರವಿದ್ದರೆ ಒಂದು ಚಿತ್ರ ತೆಗೆದು ಕಳುಹಿಸುವುದಕ್ಕೆ ಐದು ನಿಮಿಷ ಸಾಕು.

ತೊಡುವವರೇ ಇಲ್ಲದ ಹಳೆಯ ಸ್ವೆಟರನ್ನು ಬಿಚ್ಚಿ ಮತ್ತೆ ಬಳಸುವುದೂ ಸಂಸಾರದ ಒಳ್ಳೆಯ ಪದ್ಧತಿ. ಹೊಲಿಗೆಗಳನ್ನು ಜಾಗ್ರತೆಯಾಗಿ ಕತ್ತರಿಸಿ, ಮುಗಿದ ತುದಿಯಿಂದ ದಾರವನ್ನೆಳೆದು ಕುರ್ಚಿಯ ಬೆನ್ನಿಗೆ ಸುತ್ತಿ, ಲಡಿಯನ್ನು ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಕೆಳಗೊಂದು ಹಗುರವಾದ ಭಾರ ಕಟ್ಟಿ ತೂಗುಹಾಕಿದರೆ ಸುಕ್ಕು ಹೋಗಿ ದಾರ ನೇರವಾಗುತ್ತದೆ. ಅಜ್ಜನ ಬೂದುಬಣ್ಣದ ಸ್ವೆಟರು ಅವರು ಹೋದ ಮೇಲೆ ಮೊಮ್ಮಗುವಿನ ಟೊಪ್ಪಿಗೆಯೂ ಕಾಲುಚೀಲವೂ ಆದ ಮನೆಗಳುಂಟು. ಅದನ್ನು ಬಿಚ್ಚುವಾಗ ಅಜ್ಜಿಯ ಕೈ ಒಂದೆರಡು ಬಾರಿ ತಡೆದು ನಿಂತಿರಬಹುದು. ಹೆಣೆಯುವಾಗ ನಿಲ್ಲುವುದಿಲ್ಲ.

ಧೈರ್ಯಕ್ಕೆ ಒಂದು ಮಫ್ಲರು

ನಿಂತ ಹೆಣಿಗೆಯಿಂದ ಮನಸ್ಸು ಕುಗ್ಗಿದವರು ಮತ್ತೆ ಸ್ವೆಟರಿಗೇ ಕೈಹಾಕದೆ, ಮನೆಯ ಹಿರಿಯರಿಗೊಂದು ಮಫ್ಲರನ್ನು ಹೆಣೆಯುವುದು ಒಳ್ಳೆಯದು. ಅದಕ್ಕೆ ಅಳತೆಯ ಭಯವಿಲ್ಲ, ಎರಡನೆಯ ತೋಳಿಲ್ಲ. ಅಂಗುಲಕ್ಕೆ 5 ಕುಣಿಕೆ ಬರುವ ದಾರದಲ್ಲಿ, 4 ಮಿಲಿಮೀಟರಿನ ಕಡ್ಡಿಯ ಮೇಲೆ 35 ಕುಣಿಕೆಗಳನ್ನು ಹಾಕಿದರೆ ಏಳು ಅಂಗುಲ ಅಗಲ ಸಿಕ್ಕುತ್ತದೆ. ಎಲ್ಲ ಸಾಲುಗಳೂ ಸೀದಾ. ಪ್ರತಿ ಸಾಲಿನ ಮೊದಲ ಕುಣಿಕೆಯನ್ನು ಹೆಣೆಯದೆ ಬಲಗಡ್ಡಿಗೆ ಜಾರಿಸಿಕೊಂಡರೆ ಅಂಚು ಜಡೆಯಂತೆ ನೀಟಾಗಿ ಬರುತ್ತದೆ. 50 ಅಂಗುಲವಾದಾಗ ಸಡಿಲವಾಗಿ ಕುಣಿಕೆಗಳನ್ನು ಮುಚ್ಚಿ, ಎಳೆಯ ತುದಿಗಳನ್ನು ದಬ್ಬಳದಿಂದ ಒಳಗೆ ಸೇರಿಸಬೇಕು. ಉಂಡೆ ಮುಗಿದು ಬೇರೆ ಬಣ್ಣ ಬಂದರೆ ಅದೇ ಪಟ್ಟೆಯಾಗುತ್ತದೆ.

ಇದು ಹದಿನೈದು ಇಪ್ಪತ್ತು ಸಂಜೆಗಳ ಕೆಲಸ. ಬೆಳಗಿನ ವಾಯುಸಂಚಾರಕ್ಕೆ ಹೊರಡುವ ಮಾವನವರು ಅದನ್ನು ಕಿವಿಗೆ ಸುತ್ತಿಕೊಂಡು, ದಾರಿಯಲ್ಲಿ ಕೇಳಿದವರಿಗೆ, “ಸೊಸೆ ಹಾಕಿಕೊಟ್ಟದ್ದು” ಎಂದು ಹೇಳುತ್ತಾರೆ. ಹೊಗಳಿಕೆ ಸೊಸೆಯ ಕಿವಿಗೆ ಬೀಳಲು ವಾರ ಹಿಡಿಯಬಹುದು. ಬಿದ್ದ ದಿನ ಅವಳು ಸ್ವೆಟರಿನ ಉಣ್ಣೆಗೆ ಅಂಗಡಿಗೆ ಹೊರಡುತ್ತಾಳೆ. ಈ ಬಾರಿ ಒಂದು ಉಂಡೆ ಹೆಚ್ಚಾಗಿಯೇ ತರುತ್ತಾಳೆ.